ಆಸ್ಟ್ರೇಲಿಯಾದ ಸಣ್ಣ ಪತ್ರಿಕೆಗಳಿಗೆ ಕವಿತೆ ಕಳಿಸಿದ ನನ್ನ ಅನುಭವ

ಇಲ್ಲಿನ ಸಾಹಿತ್ಯ ಪತ್ರಿಕೆಗಳಿಗೆ ಇಂಗ್ಲಿಷಿನಲ್ಲಿ ಕವಿತೆ ಕಳಿಸೋದು ಹೇಗೆ ಅಂತ ಮೆಲ್ಬರ್ನಿನ ಕನ್ನಡದ ಗೆಳೆಯರು ಆಗಾಗ ಕೇಳುತ್ತಾರೆ. ನಾನಂತೂ ಪತ್ರಿಕೆಗಳನ್ನು ಕೊನೆಯ ಪುಟಗಳಿಂದ ಓದಲು ಶುರು ಮಾಡಿದೆ. ಕವಿಗಳ ಪರಿಚಯ ಇರುವುದು ಅಲ್ಲೇ: ಯಾವ ಊರು, ಈ ಮುಂಚೆ ಎಲ್ಲೆಲ್ಲಿ ಬರೆದಿದ್ದಾರೆ, ಎರಡೇ ಸಾಲು. ಸ್ವಾನ್‌ಸ್ಟನ್ ಸ್ಟ್ರೀಟಿನ ಸ್ಟೇಟ್ ಲೈಬ್ರರಿಯಲ್ಲಿ ಕೂತು, ಕವಿತೆ ಹಿಡಿಸಿದರೆ ಆ ಕವಿಯ ಪರಿಚಯ ನೋಡುತ್ತಿದ್ದೆ. ಅಲ್ಲಿ ಹೆಸರಿಸಿದ ಬೇರೆ ಪತ್ರಿಕೆಗಳನ್ನು ಹುಡುಕುತ್ತಿದ್ದೆ. ಓವರ್‌ಲ್ಯಾಂಡ್‌ನಿಂದ ಪರ್ತ್‌ನ ವೆಸ್ಟರ್ಲಿಗೆ, ಅಲ್ಲಿಂದ ಟಾಸ್ಮೇನಿಯಾದ ಐಲ್ಯಾಂಡ್‌ಗೆ, ಆಮೇಲೆ ರ‍್ಯಾಬಿಟ್‌ಗೆ ಹೋಗಿದ್ದು ಹೀಗೆ. ರ‍್ಯಾಬಿಟ್ ಪೂರ್ತಿ ನಿಜ ಸಂಗತಿಗಳ ಮೇಲೆ ಬರೆದ ಕವಿತೆಗಳ ಪತ್ರಿಕೆ. ಅದಕ್ಕೂ ಒಂದು ಪತ್ರಿಕೆ ಇದೆ ನೋಡಿ!

ಕಾರ್ಡೈಟ್ ಅನ್ನೋ ಕವಿತೆಗಳ ಪತ್ರಿಕೆ 1997ರಲ್ಲಿ ಶುರುವಾಯಿತು. ಈಗ ಆನ್‌ಲೈನಿನಲ್ಲಿದೆ, ದುಡ್ಡು ಕೊಡದೆ ಓದಬಹುದು. ಎಷ್ಟೋ ಸಂಚಿಕೆಗಳಿಗೆ ಒಂದು ವಿಷಯ, ಒಬ್ಬ ಅತಿಥಿ ಸಂಪಾದಕರು ಇರುತ್ತಾರೆ. ಇಂಥ ಕಡೆ ಪತ್ರಿಕೆಯ ಹಳೆಯ ಸಂಚಿಕೆ ಓದಿದರಷ್ಟೇ ಸಾಲದು. ಆ ಸಲದ ಸಂಪಾದಕರ ಕವಿತೆಗಳನ್ನು ಓದಬೇಕು. ಅವರ ಥರ ಬರೆಯೋಕಲ್ಲ. ಅವರಿಗೆ ಯಾವುದು ಸಾಕಾಗಿಹೋಗಿದೆ ಅಂತ ತಿಳಿಯೋಕೆ.

ನನ್ನ ಕವಿತೆ ಮೆಲ್ಬರ್ನಿನ ಬಡಾವಣೆ ಕೋಬರ್ಗ್‌ನ ನೀಲಿಗಪ್ಪು ಕಲ್ಲಿನ ಬಗ್ಗೆ. ಅಲ್ಲಿನ ಪೆಂಟ್ರಿಡ್ಜ್ ಜೈಲು ಆ ಕಲ್ಲಿನದೇ. ಕೈದಿಗಳೇ ಅದನ್ನು ಒಡೆಯುತ್ತಿದ್ದರು. 1997ರಲ್ಲಿ ಜೈಲು ಮುಚ್ಚಿತು, ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟು, ಸಿನಿಮಾ ಎಲ್ಲ ಬಂದಿವೆ. ಕಳಿಸುವ ಮುಂಚೆ ನಮ್ಮೂರಿನ ನೆನಪಿನ ಸಾಲುಗಳನ್ನು ತೆಗೆದೆ. ಚೆನ್ನಾಗೇ ಇದ್ದವು, ಆದರೆ ಆ ಕಲ್ಲಿಗೆ ನಮ್ಮೂರು ಬೇಕಿರಲಿಲ್ಲ. ವಲಸೆ ಬಂದವರು ಅಂದಮೇಲೆ ಊರಿನ ನೆನಪನ್ನೇ ಬರೆಯಬೇಕು ಅಂತೇನಿಲ್ಲ, ಅಲ್ವಾ?

ಕಷ್ಟವಾಗಿದ್ದು ಪರಿಚಯದ ಎರಡು ಸಾಲು. ತಾವಿರುವ ನೆಲ ಯಾವ ಮೂಲನಿವಾಸಿಗಳದ್ದು ಅಂತ ಇಲ್ಲಿ ಬಹಳ ಕವಿಗಳು ಬರೆಯುತ್ತಾರೆ. ಕೋಬರ್ಗ್ ವುರುಂಡ್ಜೆರಿ ಜನರ ನೆಲ. ಎಲ್ಲರೂ ಬರೆಯುತ್ತಾರೆಂದು ಸುಮ್ನೆ ನಾನೂ ಬರೆಯಲು ಮನಸ್ಸಾಗಲಿಲ್ಲ. ಆಗ ಎವೆಲಿನ್ ಅರಲೂಯೆನ್ ಅವರನ್ನು ಓದುತ್ತಿದ್ದೆ. ಮೂಲನಿವಾಸಿ ಕವಿ, ಓವರ್‌ಲ್ಯಾಂಡ್‌ನ ಸಂಪಾದಕಿಯಾಗಿದ್ದವರು. ಅವರ ಮೊದಲ ಸಂಕಲನಕ್ಕೇ 2022ರ ಸ್ಟೆಲ್ಲಾ ಪ್ರಶಸ್ತಿ ಬಂತು. ಇಲ್ಲಿನ ಕಾಡು, ಹಕ್ಕಿ, ಪ್ರಾಣಿಗಳನ್ನು ಬಿಳಿಯರು ಮುದ್ದುಮುದ್ದಾಗಿ ಬರೆದುಕೊಂಡು ಬಂದಿದ್ದನ್ನು ಅವರು ಚೆನ್ನಾಗಿ ಚುಚ್ಚುತ್ತಾರೆ. ಓದಿ ಮುಗಿಸಿದ ಮೇಲೆ ಆ ಕಲ್ಲಿಗೆ ಜೈಲಿಗಿಂತ ಹಳೆಯ ಕಥೆ ಬೇಕು ಅನ್ನಿಸಿತು. ಕೋಬರ್ಗ್‌ನಲ್ಲಿ ಹರಿಯುವ ಮೆರ್ರಿ ಕ್ರೀಕ್ ಎಂಬ ತೊರೆ ಕವಿತೆಯೊಳಗೆ ಬಂದಿದ್ದು ಆಮೇಲೆ. ಪರಿಚಯದಲ್ಲಿ ನೆಲದ ಹೆಸರನ್ನೂ ಬರೆದೆ.

ಕಳಿಸಿದ ಮೇಲೆ ತಿಂಗಳುಗಟ್ಟಲೆ ಸುದ್ದಿ ಇರುವುದಿಲ್ಲ. ಒಂದೇ ಕವಿತೆಯನ್ನು ಒಂದೇ ಸಮಯಕ್ಕೆ ಎರಡು ಕಡೆ ಕಳಿಸಲು ಕೆಲವು ಪತ್ರಿಕೆಯವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಯಾವುದು ಎಲ್ಲಿಗೆ, ಯಾವಾಗ ಹೋಯಿತು ಅಂತ ಬರೆದಿಟ್ಟುಕೊಳ್ಳಿ. ಹಣದ ಆಸೆ ಜಾಸ್ತಿ ಬೇಡ. ಪತ್ರಿಕೆಗಳ ಪಾಡೇ ಕಷ್ಟದಲ್ಲಿದೆ. 1940ರಲ್ಲಿ ಶುರುವಾದ ಮಿಯಾಂಜಿನ್, ಇಲ್ಲಿನ ಹೆಸರಾಂತ ಕವಿ ಜುಡಿತ್ ರೈಟ್ ಅವರ ಮೊದಲ ಸಂಕಲನವನ್ನು 1946ರಲ್ಲಿ ತಂದ ಪತ್ರಿಕೆ. ಅದನ್ನು ನಿಲ್ಲಿಸುತ್ತೇವೆ ಅಂತ ಮೆಲ್ಬರ್ನ್ ಯೂನಿವರ್ಸಿಟಿಯ ಪ್ರಕಾಶನ 2025ರಲ್ಲಿ ಹೇಳಿತು. ಕಾರಣ ಹಣವಂತೆ.

ಅದಕ್ಕೇ ವರ್ಷಕ್ಕೊಂದು ಪತ್ರಿಕೆಗೆ ಚಂದಾ ಕಟ್ಟುತ್ತೇನೆ. ಮೊದಲು ಕಟ್ಟಿದ್ದು ನನ್ನ ಕವಿತೆ ಬೇಡವೆಂದ ಪತ್ರಿಕೆಗೆ. ಅವರ ಆಯ್ಕೆ ಚೆನ್ನಾಗಿರುತ್ತದೆ.