ಅಡಿಕೆ ಮಂಡಿಯ ಸರ್ವರ್‌ನಲ್ಲಿ ಯಾರಿಗೆ ಎಷ್ಟು ಅಧಿಕಾರ: ನನ್ನ ಅನುಭವ

ಶಿವಮೊಗ್ಗದ ಅಡಿಕೆ ಮಂಡಿಯೊಂದರ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ, 2019ರ ಆವೃತ್ತಿ) ಸರ್ವರ್ ಮಟ್ಟದ ಅನುಮತಿಗಳನ್ನು ಹೊಸದಾಗಿ ಹಂಚಿದ ಕ್ರಮವಿದು. ಸಾಗರ, ತೀರ್ಥಹಳ್ಳಿಯ ಶಾಖೆಗಳೂ ಇದೇ ಸರ್ವರನ್ನು ಬಳಸುತ್ತವೆ. ಶುರು ಮಾಡುವಾಗ ಆರು ಲಾಗಿನ್‌ಗಳು (ಸರ್ವರ್ ಪ್ರವೇಶಿಸುವ ಖಾತೆಗಳು) ಸಿಸ್‌ಅಡ್ಮಿನ್ ರೋಲ್‌ನಲ್ಲಿದ್ದವು. ರೋಲ್ ಎಂದರೆ ಅನುಮತಿಗಳನ್ನು ಒಟ್ಟಾಗಿ ಪಡೆಯುವ ಗುಂಪು, ಸಿಸ್‌ಅಡ್ಮಿನ್‌ಗೆ ಎಲ್ಲ ಅಧಿಕಾರವೂ ಇರುತ್ತದೆ. ಯಾವಾಗಲೋ ಏನೋ ಓಡಲಿಲ್ಲ, ಸಿಸ್‌ಅಡ್ಮಿನ್ ಕೊಟ್ಟ ಮೇಲೆ ಓಡಿತು. ಆಮೇಲೆ ಯಾರೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ಪ್ರತಿ ಲಾಗಿನ್ ನಿಜವಾಗಿ ಮಾಡುವ ಕೆಲಸವನ್ನು ಮೊದಲು ಬರೆದುಕೊಂಡೆ. ಆಮೇಲೆ ಕೆಲಸಕ್ಕೊಂದು ಸರ್ವರ್ ರೋಲ್ ಮಾಡಿ, ಅನುಮತಿಯನ್ನು ರೋಲ್‌ಗೆ ಕೊಟ್ಟು, ಲಾಗಿನ್ನನ್ನು ರೋಲ್‌ಗೆ ಸೇರಿಸಿದೆ. ನಮ್ಮದೇ ಸರ್ವರ್ ರೋಲ್ ಮಾಡಿಕೊಳ್ಳುವ ಅವಕಾಶ 2012ರ ಆವೃತ್ತಿಯಿಂದ ಇದೆ. ಸರ್ವರ್ ಅನುಮತಿ ಕೊಡುವ ಗ್ರ್ಯಾಂಟ್ ಆದೇಶವನ್ನು, ಸರ್ವರಿನ ಸ್ವಂತ ವಿವರಗಳಿರುವ ಮಾಸ್ಟರ್ ಡೇಟಾಬೇಸ್‌ನಲ್ಲಿ ನಿಂತೇ ಕೊಡಬೇಕು. ಬೇರೆ ಡೇಟಾಬೇಸ್‌ನಲ್ಲಿದ್ದರೆ 4621ನೇ ದೋಷ ಬರುತ್ತದೆ. ಹಾಗಾಗಿ ಸ್ಕ್ರಿಪ್ಟಿನ ಮೊದಲ ಸಾಲೇ ‘ಯೂಸ್ ಮಾಸ್ಟರ್’.

ನಿಗಾ ಇಡುವ ಲಾಗಿನ್‌ಗೆ ವ್ಯೂ ಸರ್ವರ್ ಸ್ಟೇಟ್ (ಸರ್ವರಿನ ಸ್ಥಿತಿ ನೋಡುವ ಅನುಮತಿ) ಒಂದೇ ಸಾಕು. ಅದಿಲ್ಲದಿದ್ದರೆ ಸರ್ವರ್ ಯಾವುದಕ್ಕೆ ಎಷ್ಟು ಕಾದಿದೆ ಎಂದು ತೋರಿಸುವ ವೇಟ್ ಅಂಕಿಅಂಶದ ವ್ಯೂ (ಸಿದ್ಧ ಪಟ್ಟಿ) ಕೇಳಿದಾಗ 300ನೇ ದೋಷ ನೇರವಾಗಿ ಬರುತ್ತದೆ, ಕಾರಣ ಗೊತ್ತಾಗುತ್ತದೆ. ಆದರೆ ಸೆಷನ್‌ಗಳ (ಈಗ ತೆರೆದಿರುವ ಸಂಪರ್ಕಗಳ) ವ್ಯೂ ದೋಷ ಕೊಡುವುದಿಲ್ಲ, ಕೇಳಿದವರ ಸ್ವಂತ ಸೆಷನ್ ಮಾತ್ರ ತೋರಿಸುತ್ತದೆ. ಸರ್ವರ್ ಖಾಲಿ ಇದೆ ಎಂದು ಮೋಸಹೋಗುವುದು ಇಲ್ಲೇ.

ಟೆಂಡರ್ ಹೊತ್ತಿನಲ್ಲಿ ಬರುವ ತೊಂದರೆ ಬೇರೆ. ಗುಮಾಸ್ತರೊಬ್ಬರು ಲಾಟಿನ ದರ ತಿದ್ದುತ್ತ ಟ್ರಾನ್ಸಾಕ್ಷನ್ (ಇನ್ನೂ ಖಾಯಂ ಆಗದ ಬದಲಾವಣೆ) ತೆರೆದಿಟ್ಟು ಎದ್ದುಹೋದರೆ, ಹಿಂದಿನವರೆಲ್ಲ ಕಾಯುತ್ತ ಕೂರಬೇಕು. ಆ ಸೆಷನ್ ಕಿಲ್ ಮಾಡಲು (ಬಲವಂತವಾಗಿ ಕಡಿಯಲು) ಸಿಸ್‌ಅಡ್ಮಿನ್ ಬೇಕಿಲ್ಲ, ಆಲ್ಟರ್ ಎನಿ ಕನೆಕ್ಷನ್ ಎಂಬ ಅನುಮತಿ ಸಾಕು. ಆದರೆ ಇದನ್ನು ಹಿಡಿದವರು ಯಾರ ಸೆಷನ್ ಬೇಕಾದರೂ ಕಡಿದುಹಾಕಬಹುದು. ಆದ್ದರಿಂದ ಮುಖ್ಯ ಕಚೇರಿಯ ಇಬ್ಬರಿಗೆ ಮಾತ್ರ, ವ್ಯೂ ಸರ್ವರ್ ಸ್ಟೇಟ್ ಜೊತೆ ಸೇರಿಸಿ ಕೊಟ್ಟೆ. ಕಿಲ್ ಆದಮೇಲೆ ರೋಲ್‌ಬ್ಯಾಕ್ (ಅರ್ಧ ಮಾಡಿದ ಬದಲಾವಣೆ ರದ್ದಾಗುವುದು) ಮುಗಿಯಲು ಹೊತ್ತು ಹಿಡಿಯುತ್ತದೆ. ಆಗ ಸರ್ವೀಸ್ ರೀಸ್ಟಾರ್ಟ್ ಮಾಡಿದರೆ ಅದೇ ರೋಲ್‌ಬ್ಯಾಕ್, ಸರ್ವರ್ ಮತ್ತೆ ಏಳುವಾಗಿನ ರಿಕವರಿಯಲ್ಲಿ ಮುಂದುವರಿಯುತ್ತದೆ, ಉಳಿತಾಯ ಏನೂ ಇಲ್ಲ.

ಹೆಚ್ಚು ಕಾಡಿದ್ದು ತೂಕದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ) ಕಡತ ಏರಿಸುವ ಲಾಗಿನ್. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ವಿಂಗಡಿಸಿದ ಲಾಟುಗಳ ಕಡತವನ್ನು ಬಲ್ಕ್ ಇನ್ಸರ್ಟ್ ಮಾಡಬೇಕು, ಅಂದರೆ ಒಟ್ಟಿಗೇ ಟೇಬಲ್‌ಗೆ ತುಂಬಬೇಕು. ಅದಕ್ಕಿರುವ ಸರ್ವರ್ ಅನುಮತಿ ಅಡ್ಮಿನಿಸ್ಟರ್ ಬಲ್ಕ್ ಆಪರೇಷನ್ಸ್ ಕೊಟ್ಟರೂ ಓಡಲಿಲ್ಲ. ಆ ಟೇಬಲ್ ಮೇಲೆ ಇನ್ಸರ್ಟ್ ಅನುಮತಿ ಪ್ರತ್ಯೇಕವಾಗಿ ಬೇಕು. ಟೇಬಲ್‌ನಲ್ಲಿ ಕನ್‌ಸ್ಟ್ರೇಂಟ್ (ತಪ್ಪು ಮೌಲ್ಯ ತಡೆಯುವ ನಿಯಮ) ಇದ್ದು, ಆದೇಶದಲ್ಲಿ ಚೆಕ್ ಕನ್‌ಸ್ಟ್ರೇಂಟ್ಸ್ ಎಂದು ಬರೆಯದಿದ್ದರೆ ಟೇಬಲಿನ ರಚನೆ ಬದಲಿಸುವ ಆಲ್ಟರ್ ಅನುಮತಿ ಕೂಡ ಕೇಳುತ್ತದೆ. ಏಕೆಂದರೆ ಬಲ್ಕ್ ಇನ್ಸರ್ಟ್ ತಾನಾಗಿ ಕನ್‌ಸ್ಟ್ರೇಂಟನ್ನು ಬದಿಗಿಡುತ್ತದೆ. ಆಲ್ಟರ್ ಕೊಡುವ ಬದಲು ಆ ಪದ ಸೇರಿಸಿದೆ. ತೂಕದ ಪರೀಕ್ಷೆ ಬಿಟ್ಟುಹೋಗುವುದು ಮಂಡಿಗೂ ಬೆಳೆಗಾರರಿಗೂ ಒಳ್ಳೆಯದಲ್ಲ. ಕಡತದ ದಾರಿಯನ್ನು ಸರ್ವರ್ ಯಂತ್ರದಿಂದ ನೋಡಬೇಕು, ಗುಮಾಸ್ತರ ಕಂಪ್ಯೂಟರ್‌ನಿಂದಲ್ಲ. ಎಸ್‌ಕ್ಯೂಎಲ್ ಲಾಗಿನ್ ಆದರೆ ಎಸ್‌ಕ್ಯೂಎಲ್ ಸರ್ವೀಸ್ ಖಾತೆಗೆ ಆ ಫೋಲ್ಡರ್ ಓದುವ ಹಕ್ಕಿರಬೇಕು.

ಲೆಕ್ಕ ಪರಿಶೋಧಕರಿಗೆ ಕನೆಕ್ಟ್ ಎನಿ ಡೇಟಾಬೇಸ್ (ಎಲ್ಲ ಡೇಟಾಬೇಸ್‌ಗೂ ಪ್ರವೇಶ) ಮತ್ತು ಸೆಲೆಕ್ಟ್ ಆಲ್ ಯೂಸರ್ ಸೆಕ್ಯೂರಬಲ್ಸ್ (ಅವುಗಳಲ್ಲಿನ ಮಾಹಿತಿ ಓದುವ ಹಕ್ಕು) ಕೊಟ್ಟೆ. ಇವು 2014ರಲ್ಲಿ ಬಂದವು. ಮುಂದೆ ತೆರೆಯುವ ಡೇಟಾಬೇಸ್‌ಗೂ ಅನ್ವಯಿಸುತ್ತವೆ, ಆದ್ದರಿಂದ ಪರಿಶೋಧನೆ ಮುಗಿದ ದಿನವೇ ರೋಲ್‌ನಿಂದ ತೆಗೆಯುತ್ತೇನೆ.

ಲಾಗಿನ್‌ಗಳನ್ನು ನಿರ್ವಹಿಸುವ ಸೆಕ್ಯೂರಿಟಿಅಡ್ಮಿನ್ ಸಣ್ಣ ರೋಲ್ ಎಂದು ತಿಳಿದು ಯಾರಿಗೂ ಕೊಡಬಾರದು. ಅದನ್ನು ಹಿಡಿದವರು ಬೇರೆಯವರಿಗೆ ಸರ್ವರ್ ಅನುಮತಿ ಹಂಚಬಹುದಾದ್ದರಿಂದ ಸಿಸ್‌ಅಡ್ಮಿನ್‌ಗೆ ಸಮ ಎಂದೇ ಲೆಕ್ಕ. ಸರ್ವರ್ ಮಟ್ಟದಲ್ಲಿ ಡಿನೈ (ಅನುಮತಿ ನಿರಾಕರಿಸುವ ಆದೇಶ) ಯಾವ ಗ್ರ್ಯಾಂಟನ್ನೂ ಮೀರುತ್ತದೆ, ಆದರೆ ಸಿಸ್‌ಅಡ್ಮಿನ್ ಮೇಲೆ ಅದು ನಡೆಯುವುದಿಲ್ಲ. ಕೊಟ್ಟದ್ದನ್ನು ಹಿಂಪಡೆಯಲು ರಿವೋಕ್ ಸಾಕು. ವಿತ್ ಗ್ರ್ಯಾಂಟ್ ಆಪ್ಷನ್ (ಪಡೆದವರು ಇತರರಿಗೂ ಕೊಡಬಹುದಾದ ಸೌಲಭ್ಯ) ಜೊತೆ ಕೊಟ್ಟಿದ್ದಾಗ ಮಾತ್ರ, ಅವರು ಹಂಚಿದ್ದನ್ನೂ ಹಿಂಪಡೆಯುವ ಕ್ಯಾಸ್ಕೇಡ್ ಪದ ಬರೆಯದಿದ್ದರೆ 4611ನೇ ದೋಷ ಬರುತ್ತದೆ. ಅಂಥವರು ಮತ್ತೊಬ್ಬರಿಗೆ ಅನುಮತಿ ಕೊಟ್ಟಿದ್ದರೆ, ಅವರ ಲಾಗಿನ್ ಅಳಿಸಲು ಹೋದಾಗ 15173 ಎದುರಾಗುತ್ತದೆ. ಈ ಆಪ್ಷನ್ನನ್ನು ನಾನು ಎಲ್ಲೂ ಬಳಸಲಿಲ್ಲ.

ಒಂದೊಂದು ಲಾಗಿನ್ನನ್ನೂ ಸಿಸ್‌ಅಡ್ಮಿನ್‌ನಿಂದ ಹೊರತೆಗೆದ ಮೇಲೆ ‘ಎಕ್ಸಿಕ್ಯೂಟ್ ಆಸ್ ಲಾಗಿನ್’ ಕೊಟ್ಟು ಆ ಲಾಗಿನ್ನಿನ ವೇಷ ತೊಟ್ಟು, ಮೈ ಪರ್ಮಿಷನ್ಸ್ ಫಂಕ್ಷನ್‌ಗೆ ‘ಸರ್ವರ್’ ಎಂದು ಹೇಳಿ ಅದಕ್ಕಿರುವ ಅನುಮತಿಗಳ ಪಟ್ಟಿ ನೋಡಿದೆ, ಆಮೇಲೆ ರಿವರ್ಟ್ ಕೊಟ್ಟು ನನ್ನ ಲಾಗಿನ್‌ಗೆ ಮರಳಿದೆ. ಆರನ್ನೂ ಒಟ್ಟಿಗೆ ಮುಟ್ಟದೆ ದಿನಕ್ಕೊಂದೇ ಲಾಗಿನ್ ಬದಲಿಸಿದೆ, ಟೆಂಡರ್ ಇಲ್ಲದ ಹೊತ್ತಿನಲ್ಲಿ.

ಮಳೆಗಾಲಕ್ಕೆ ಮೊದಲು ಇನ್ನೊಂದು ಕೆಲಸ ಇತ್ತು. ಕರೆಂಟು ಹೋಗಿ ಬಂದು ಯಂತ್ರ ಕೆಟ್ಟರೆ ಬ್ಯಾಕಪ್ ಬೇರೆ ಸರ್ವರ್‌ಗೆ ರಿಸ್ಟೋರ್ ಮಾಡಬೇಕಾಗುತ್ತದೆ. ಲಾಗಿನ್, ಸರ್ವರ್ ರೋಲ್, ಸರ್ವರ್ ಅನುಮತಿ ಎಲ್ಲವೂ ಮಾಸ್ಟರ್‌ನಲ್ಲಿರುವುದರಿಂದ ಮಂಡಿಯ ಡೇಟಾಬೇಸ್ ಬ್ಯಾಕಪ್ ಜೊತೆ ಅವು ಬರುವುದಿಲ್ಲ. ಲಾಗಿನ್‌ಗಳನ್ನು ಹಳೆಯ ಎಸ್‌ಐಡಿ (ಲಾಗಿನ್ನಿನ ಗುರುತಿನ ಸಂಖ್ಯೆ) ಸಮೇತ ಮರುಸೃಷ್ಟಿಸುವ ಸ್ಕ್ರಿಪ್ಟ್, ಅದರ ಹಿಂದೆ ರೋಲ್, ಗ್ರ್ಯಾಂಟ್, ಸದಸ್ಯತ್ವ, ಇದೇ ಅನುಕ್ರಮದಲ್ಲಿ ಬರೆದು, ಬ್ಯಾಕಪ್ ಇಡುವ ಡ್ರೈವ್‌ನಲ್ಲೇ ಇಟ್ಟಿದ್ದೇನೆ. ಎಸ್‌ಐಡಿ ಬೇರೆಯಾದರೆ ಡೇಟಾಬೇಸ್ ಒಳಗಿನ ಯೂಸರ್‌ಗಳು ಅನಾಥರಾಗುತ್ತಾರೆ, ಅಂದರೆ ಯಾವ ಲಾಗಿನ್‌ಗೂ ಜೋಡಣೆ ಇಲ್ಲದೆ ಉಳಿಯುತ್ತಾರೆ. ಆಗ ‘ಆಲ್ಟರ್ ಯೂಸರ್ ವಿತ್ ಲಾಗಿನ್’ ಎಂದು ಒಬ್ಬೊಬ್ಬರನ್ನೇ ಜೋಡಿಸಬೇಕು.