ನಾಯಿ ಹೂಸು ಬಿಟ್ಟರೆ ಅಗರಬತ್ತಿ ಹಚ್ಚಬೇಡಿ, ತಟ್ಟೆ ಬದಲಿಸಿ

ನಾಯಿ ಸಾಕಿದವರ ಮನೆಗೆ ಹೋದಾಗಲೆಲ್ಲ ಇದನ್ನೇ ನೋಡುತ್ತೇನೆ. ಸೋಫಾ ಪಕ್ಕ ಮಲಗಿದ ನಾಯಿ ಹೂಸು ಬಿಡುತ್ತದೆ, ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ನಗುತ್ತಾರೆ, ಯಾರೋ ಎದ್ದು ಅಗರಬತ್ತಿ ಹಚ್ಚುತ್ತಾರೆ. ವಾಸನೆ ಹೋಯಿತು, ಸರಿ. ಅದರ ಹೊಟ್ಟೆಯೊಳಗಿನ ಗುಡುಗುಡು? ಅದು ಬಾಯಿಬಿಟ್ಟು ಹೇಳುವುದಿಲ್ಲ ಅಂತ ನಗುತ್ತಾ ಕೂತರೆ ಆಗುತ್ತಾ?

ಆಗೊಮ್ಮೆ ಈಗೊಮ್ಮೆ ಗಾಳಿ ಹೋಗುವುದು ಎಲ್ಲ ನಾಯಿಗೂ ಇದ್ದದ್ದೇ, ಅದಕ್ಕೆ ಗಾಬರಿ ಬೇಡ. ಆದರೆ ದಿನಾ ಊಟ ಆದ ಮೇಲೆ ಹೊಟ್ಟೆ ಸದ್ದು ಮಾಡುತ್ತಿದೆ, ರೂಮಲ್ಲಿ ಕೂರಲು ಆಗುತ್ತಿಲ್ಲ ಅಂದರೆ ಒಂದೋ ಹಾಕುವ ಊಟ ತಪ್ಪು, ಇಲ್ಲ ಅದು ತಿನ್ನುವ ರೀತಿ ತಪ್ಪು. ಹೆಚ್ಚು ಮನೆಗಳಲ್ಲಿ ಎರಡೂ.

ಮೊದಲು ಹಾಲು. "ಪಾಪ, ಹಾಲನ್ನ ಅಂದ್ರೆ ಪ್ರಾಣ ಅದಕ್ಕೆ" ಅಂತೀರಲ್ಲ, ಪ್ರಾಣ ಅಂತ ಕೊಡುತ್ತಾ ಹೋದರೆ ಹೊಟ್ಟೆ ಕೇಳಬೇಕಲ್ಲ. ಮರಿಯಾಗಿದ್ದಾಗ ತಾಯಿ ಹಾಲು ಕುಡಿದು ಅರಗಿಸಿಕೊಳ್ಳುತ್ತದೆ, ದೊಡ್ಡದಾದ ಮೇಲೆ ಹಾಲಿನಲ್ಲಿರುವ ಸಕ್ಕರೆ ಅಂಶವನ್ನು ಅರಗಿಸುವ ಶಕ್ತಿ ತುಂಬ ನಾಯಿಗಳಿಗೆ ಕಡಿಮೆಯಾಗುತ್ತದೆ, ಅದು ಕರುಳಿನಲ್ಲಿ ಹುಳಿತು ಗ್ಯಾಸ್ ಆಗುತ್ತದೆ. ಮೊಸರು ಆದರೆ ಸ್ವಲ್ಪ ವಾಸಿ. ಅದನ್ನೂ ಒಂದು ಚಮಚ ಹಾಕಿ ನೋಡಿ, ಒಗ್ಗಿದರೆ ಮುಂದುವರಿಸಿ.

ಆಮೇಲೆ ನಮ್ಮ ಹುಳಿ. ಉಳಿದ ಅನ್ನಕ್ಕೆ ಉಳಿದ ಹುಳಿ ಕಲಸಿ ನಾಯಿಗೆ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಬೇಳೆ, ಅವರೆಕಾಳು, ಕಡಲೆ, ಎಲೆಕೋಸು ತಿಂದರೆ ನಮಗೇ ಹೊಟ್ಟೆ ಉಬ್ಬರಿಸುತ್ತದೆ, ಅದಕ್ಕೆ ಬಿಡುತ್ತದೆಯೇ? ಅದಕ್ಕಿಂತ ಕೆಟ್ಟದ್ದು ಅದರೊಳಗಿನ ಈರುಳ್ಳಿ, ಬೆಳ್ಳುಳ್ಳಿ. ಅವು ನಾಯಿಯ ರಕ್ತಕ್ಕೇ ಹಾನಿ ಮಾಡುತ್ತವೆ, ಬೆಂದಿದ್ದರೂ ಅಷ್ಟೇ. ಪಾಯಸದ ಒಣದ್ರಾಕ್ಷಿಯೂ ಬೇಡ, ಕಿಡ್ನಿ ಹೋಗಬಹುದು. ದಿನವಿಡೀ ಬಿಸ್ಕತ್ತು ಎಸೆಯುವುದನ್ನಂತೂ ಏನು ಹೇಳಲಿ. ಟೀ ಕುಡಿಯುವ ಪ್ರತಿಯೊಬ್ಬರೂ ಒಂದೊಂದು ಎಸೆದರೆ ಅದರ ಲೆಕ್ಕ ಇಡುವವರು ಯಾರು?

ಇನ್ನು ಊಟ ಬದಲಿಸುವುದು. ಇವತ್ತು ಒಂದು ಪ್ಯಾಕೆಟ್, ಆಫರ್ ಇದೆ ಅಂತ ನಾಳೆ ಇನ್ನೊಂದು. ಹಾಗೆ ಮಾಡಬಾರದು. ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ 7ರಿಂದ 10 ದಿನದಲ್ಲಿ ಬದಲಿಸಬೇಕು. ಹೊಟ್ಟೆ ಕೆಟ್ಟಿರುವಾಗ ಉಪ್ಪು ಹಾಕದೆ ಮೆತ್ತಗೆ ಬೇಯಿಸಿದ ಅನ್ನ, ಎಲುಬು ತೆಗೆದು ಬಿಡಿಸಿದ ಕೋಳಿ ಮಾಂಸ, ಬೇಯಿಸಿ ಕಿವುಚಿದ ಸಿಹಿಗುಂಬಳ ಒಂದು ಸ್ವಲ್ಪ, ಇಷ್ಟು ಸಾಕು. ಅನ್ನದಿಂದ ಗ್ಯಾಸ್ ಕಡಿಮೆ.

ಈಗ ನಾನು ಹೇಳಬೇಕೆಂದಿದ್ದ ವಿಷಯ. ನಾಯಿ ತಿನ್ನುವುದನ್ನು ಒಂದು ಸಲ ಕೂತು ನೋಡಿ. ಗಬಗಬ ಅಂತ ನುಂಗುತ್ತದೆ, ಅನ್ನದ ಜೊತೆ ಗಾಳಿಯನ್ನೂ ನುಂಗುತ್ತದೆ. ಆ ಗಾಳಿ ಎಲ್ಲಿಗಾದರೂ ಹೋಗಬೇಕಲ್ಲ. ಸಕಲೇಶಪುರದ ಕಡೆ ನಮ್ಮ ಅಜ್ಜಿ ಮನೆಯಲ್ಲಿ ನಾಯಿಗೆ ಕಲ್ಲುಬಾನಿಯಲ್ಲಿ ಅನ್ನ ಹಾಕುತ್ತಿದ್ದರು. ಅಜ್ಜಿ ಅದರ ಮಧ್ಯೆ ಒಂದು ದೊಡ್ಡ ನುಣುಪಾದ ಹೊಳೆಕಲ್ಲು ಇಟ್ಟಿರುತ್ತಿದ್ದಳು. ಕರಿಯ ಆ ಕಲ್ಲಿನ ಸುತ್ತ ನೆಕ್ಕಿ ನೆಕ್ಕಿ ತಿನ್ನಬೇಕಿತ್ತು. ಯಾರಾದರೂ ಕಲ್ಲು ತೆಗೆದರೆ ಅಜ್ಜಿ ಕೈಯಲ್ಲಿ ಬೈಗುಳ ಖಂಡಿತ.

ಅದೇ ಕೆಲಸಕ್ಕೆ ನಾನು ಹಳೇ ಪಡ್ಡು ಹೆಂಚು ಬಳಸುತ್ತೇನೆ. ನಗಬೇಡಿ. ಬೀಡುಕಬ್ಬಿಣದ್ದೇ ಆಗಬೇಕು, ನಾಯಿ ಮೂತಿಯಲ್ಲಿ ತಳ್ಳಿದರೂ ಜರುಗುವುದಿಲ್ಲ. ನಾನ್‌ಸ್ಟಿಕ್ ಬೇಡವೇ ಬೇಡ, ಹಲ್ಲು ತಾಗಿ ಲೇಪ ಎದ್ದು ಹೊಟ್ಟೆಗೆ ಹೋಗುತ್ತದೆ. ಅನ್ನ ಪೂರ್ತಿ ಆರಿರಬೇಕು, ಸ್ವಲ್ಪ ನೀರು ಹಾಕಿ ಕೈಗೆ ಅಂಟುವ ಹದಕ್ಕೆ ಕಲಸಿ. ಆಮೇಲೆ ಒಂದೊಂದು ಗುಳಿಗೂ ಹೆಬ್ಬೆರಳಿನಲ್ಲಿ ಒತ್ತಿ ತುಂಬಿ, ಅಂಚಿಗೆ ಸಮ ಬರಬೇಕು. ಇಲ್ಲೇ ಎಲ್ಲರೂ ಕೆಡಿಸುವುದು. ಗೋಪುರದ ಹಾಗೆ ಏರಿಸಿ ಇಟ್ಟರೆ ಒಂದೇ ಬಾಯಿಗೆ ಮೇಲಿನದೆಲ್ಲ ಬಾಚಿಕೊಳ್ಳುತ್ತದೆ, ಮತ್ತೆ ಯಾಕೆ ಹೆಂಚು? ಪ್ಯಾಕೆಟ್ ಊಟವಾದರೆ ಉಗುರುಬೆಚ್ಚಗಿನ ನೀರಲ್ಲಿ ಊದುವವರೆಗೆ ನೆನೆಸಿ, ಒಂದೊಂದು ಗುಳಿಗೂ ನಾಲ್ಕಾರು ಕಾಳಿನಂತೆ ಹಾಕಿ. ಟೈಲ್ಸ್ ನೆಲವಾದರೆ ಕೆಳಗೆ ಒದ್ದೆ ಗೋಣಿಚೀಲ ಮಡಿಸಿ ಹಾಸಿ. ನಾಯಿ ನಾಲಿಗೆ ತೂರಿಸಿ ಒಂದೊಂದೇ ಗುಳಿ ಖಾಲಿ ಮಾಡುತ್ತದೆ, ಅವಸರ ತಾನಾಗಿಯೇ ಇಳಿಯುತ್ತದೆ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗೆ ಗುಳಿಯೊಳಗೆ ಬಾಯಿ ಹೋಗುವುದಿಲ್ಲ, ಅವುಗಳಿಗೆ ಅಗಲ ಹರಿವಾಣದಲ್ಲಿ ತೆಳ್ಳಗೆ ಬಳಿದು ಕೊಡಿ. ಅಂಥ ನಾಯಿಗಳು ಗಾಳಿ ನುಂಗುವುದೂ ಜಾಸ್ತಿ.

ಎರಡು ನಾಯಿ ಇದ್ದರೆ ಬೇರೆ ಬೇರೆ ಕಡೆ ಹಾಕಿ. ಪಕ್ಕದಲ್ಲಿ ಇನ್ನೊಂದು ಇದ್ದರೆ ಪೈಪೋಟಿಗೆ ನುಂಗುತ್ತವೆ. ಒಂದೇ ಹೊತ್ತಿಗೆ ಹೊಟ್ಟೆ ಬಿರಿಯ ಹಾಕುವ ಬದಲು ಎರಡು ಮೂರು ಹೊತ್ತು ಮಾಡಿ.

ಹೆಂಚನ್ನು ನಾಯಿ ತಿಂದ ಕೂಡಲೇ ತೊಳೆದು, ಒಲೆ ಮೇಲಿಟ್ಟು ನೀರು ಆರಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿಡಿ. ದೋಸೆ ಕಾವಲಿಗೆ ಉಜ್ಜುವ ಹಾಗೆ ಅರ್ಧ ಈರುಳ್ಳಿ ಹಿಡಿದು ಇದಕ್ಕೆ ಉಜ್ಜಬೇಡಿ, ಯಾಕೆ ಅಂತ ಮೇಲೇ ಹೇಳಿದೆ. ಕಾವಲಿ ಅಂದ ಕೂಡಲೇ ನೆನಪಾಯಿತು, ಈಗಿನವರು ಕಬ್ಬಿಣದ ಕಾವಲಿಯನ್ನು ಸೋಪು ಹಾಕಿ ಸ್ಟೀಲ್ ನಾರಿನಲ್ಲಿ ಫಳಫಳ ಹೊಳೆಯುವಂತೆ ತಿಕ್ಕುತ್ತಾರೆ, ಆಮೇಲೆ ದೋಸೆ ಏಳುತ್ತಿಲ್ಲ ಅಂತ ಹಿಟ್ಟಿಗೆ ಬೈಯುತ್ತಾರೆ. ಹಿಟ್ಟು ಏನು ಮಾಡಿತು ಪಾಪ. ಬಿಸಿ ನೀರು, ಬಟ್ಟೆ, ಎಣ್ಣೆ, ಅಷ್ಟೇ ಸಾಕು.

ಊಟ ಆದ ಮೇಲೆ ನಾಯಿಯನ್ನು ನಿಧಾನಕ್ಕೆ ಒಂದು ಸುತ್ತು ನಡೆಸಿ, ಗಾಳಿ ಹೊರಗೆ ಹೋಗುತ್ತದೆ. ನಡೆಸಿ ಅಂದೆ, ಚೆಂಡು ಎಸೆದು ಓಡಿಸಿ ಅನ್ನಲಿಲ್ಲ. ಮತ್ತೆ ನಿಮ್ಮ ಗ್ಯಾಸ್ ಮಾತ್ರೆ, ಹೊಟ್ಟೆನೋವಿನ ಮಾತ್ರೆ, ಸೋಡಾ ಪುಡಿ ಏನನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ. ಮನುಷ್ಯರ ಕೆಲವು ನೋವಿನ ಮಾತ್ರೆ ನಾಯಿಗೆ ವಿಷ. ಊಟ ಸರಿಮಾಡಿದ ಮೇಲೂ ವಾಸನೆ ನಿಲ್ಲದೆ, ಭೇದಿ ಆಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಹೊಟ್ಟೆಹುಳುವೋ ಬೇರೇನೋ ಇರಬಹುದು, ಮಲ ಪರೀಕ್ಷೆ ಮಾಡಿಸಿ.

ಒಂದು ವಿಷಯದಲ್ಲಿ ಮಾತ್ರ ಕಾಯುವ ಹಾಗಿಲ್ಲ. ಜರ್ಮನ್ ಶೆಫರ್ಡ್, ಡಾಬರ್‌ಮನ್, ಗ್ರೇಟ್ ಡೇನ್ ಥರದ ಎದೆಗೂಡು ಆಳವಿರುವ ದೊಡ್ಡ ನಾಯಿಗಳಿಗೆ ಕೆಲವೊಮ್ಮೆ ಹೊಟ್ಟೆ ಗಾಳಿ ತುಂಬಿ ಉಬ್ಬಿ ಹಾಗೇ ತಿರುಚಿಕೊಂಡು ಬಿಡುತ್ತದೆ. ಹೊಟ್ಟೆ ಗಟ್ಟಿಯಾಗಿ ಉಬ್ಬಿದೆ, ವಾಂತಿ ಮಾಡಲು ಹವಣಿಸುತ್ತದೆ ಆದರೆ ಏನೂ ಬರುತ್ತಿಲ್ಲ, ಜೊಲ್ಲು ಸುರಿಸುತ್ತಾ ಕೂತಲ್ಲಿ ಕೂರದೆ ಒದ್ದಾಡುತ್ತಿದೆ ಅಂದರೆ ಅದು ಬರೀ ಗ್ಯಾಸ್ ಅಲ್ಲ. ಓಂಕಾಳು ನೀರು ಕುಡಿಸುತ್ತಾ, ಹೊಟ್ಟೆ ನೀವುತ್ತಾ ಕೂತರೆ ಕೆಲವೇ ಗಂಟೆಯಲ್ಲಿ ಜೀವ ಹೋಗುತ್ತದೆ. ನಡುರಾತ್ರಿಯಾದರೂ ಸರಿ, ಗಾಡಿ ತೆಗೆಯಿರಿ. ರಾತ್ರಿ ತೆರೆದಿರುವ ಪಶು ಆಸ್ಪತ್ರೆ ನಿಮ್ಮ ಹತ್ತಿರ ಯಾವುದು ಅಂತ ಇವತ್ತೇ ವಿಚಾರಿಸಿ, ನಂಬರನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ.