ಬಡಗಿ ಕೆಲಸ ಮುಗಿದ ಮೇಲೆ ಉಳಿಯುವ ಪ್ಲೈವುಡ್ ತುಂಡುಗಳು

ಮನೆಗೆ ವಾರ್ಡ್‌ರೋಬು, ಅಡುಗೆಮನೆ ಕಪಾಟು ಅಂತ ಮರಗೆಲಸ ಮಾಡಿಸಿದವರಿಗೆಲ್ಲ ಇದು ಗೊತ್ತಿರುತ್ತದೆ. ಆಚಾರ್ರು ಸಾಮಾನು ಕಟ್ಟಿಕೊಂಡು ಹೊರಟ ದಿನ ಮೂಲೆಯಲ್ಲೊಂದು ರಾಶಿ ಉಳಿದಿರುತ್ತದೆ. ಒಂದಡಿ ಅಗಲದ್ದು, ಗೇಣುದ್ದದ್ದು, ಮೂರಿಂಚಿನ ಪಟ್ಟಿ, ಮೂಲೆ ಕತ್ತರಿಸಿದ ಚೂರು. "ಅಮ್ಮಾ, ಇದನ್ನೆಲ್ಲ ಬಚ್ಚಲ ಒಲೆಗೆ ಹಾಕಿಬಿಡಿ" ಅಂತ ಹೇಳಿ ಅವರು ಹೊರಡುತ್ತಾರೆ. ದಯವಿಟ್ಟು ಹಾಕಬೇಡಿ. ಅದು ಬರೀ ಸೌದೆಯಲ್ಲ, ತೆಳು ಪದರಗಳನ್ನು ಫಾರ್ಮಾಲ್ಡಿಹೈಡ್ ಸೇರಿದ ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ನಮ್ಮ ಮನೆಯಲ್ಲಿ ಮೊದಲ ಸಲ ತಿಳಿಯದೆ ಹಂಡೆ ಒಲೆಗೆ ನಾಲ್ಕು ತುಂಡು ಹಾಕಿದ್ದೆವು. ಬಚ್ಚಲುಮನೆ ತುಂಬ ಕಣ್ಣುರಿಯ ಹೊಗೆ, ಸ್ನಾನಕ್ಕೆ ಹೋದ ಮೊಮ್ಮಗು ಕೆಮ್ಮುತ್ತಾ ಆಚೆ ಓಡಿ ಬಂತು. ಅವತ್ತಿಂದ ಒಂದು ಚೂರನ್ನೂ ಒಲೆಗೆ ಹಾಕಿಲ್ಲ. ಸನ್‌ಮೈಕಾ ಅಂಟಿಸಿದ ತುಂಡನ್ನಂತೂ ಸುಡಲೇಬಾರದು.

ಒಂದು ಶೀಟ್ ಅಂದರೆ 8 ಅಡಿ ಉದ್ದ, 4 ಅಡಿ ಅಗಲ, ಒಟ್ಟು 32 ಚದರಡಿ. ಅಂಗಡಿಯವರು ಪ್ರತಿ ಚದರಡಿಗೂ ಲೆಕ್ಕ ಹಾಕಿ ದುಡ್ಡು ತೆಗೆದುಕೊಂಡಿರುತ್ತಾರೆ, ಮೂಲೆಗೆ ಬಿದ್ದ ತುಂಡಿಗೂ ಸೇರಿಸಿ. ಸಾಮಾನು ನೀವೇ ತಂದು ಬರೀ ಕೂಲಿಗೆ ಕೆಲಸ ಕೊಟ್ಟಿದ್ದರೆ ಉಳಿದ ತುಂಡು ನಿಮ್ಮದೇ. ಸಾಮಾನು ಸಮೇತ ಚದರಡಿ ಲೆಕ್ಕದಲ್ಲಿ ಒಪ್ಪಿಸಿದ್ದರೆ ಉಳಿದದ್ದು ಯಾರಿಗೆ ಅನ್ನೋದನ್ನು ಮೊದಲ ದಿನವೇ ಮಾತಾಡಿಕೊಳ್ಳಿ, ಕೊನೆಯ ದಿನ ಮನಸ್ತಾಪ ಬೇಡ.

ಇಷ್ಟು ವರ್ಷದಲ್ಲಿ ನನಗೆ ಖಾತ್ರಿಯಾದ ಒಂದು ವಿಷಯ ಹೇಳುತ್ತೇನೆ. "ಏನೋ ಒಂದು ಮಾಡೋಣ" ಅಂತ ಮೊದಲು ವಸ್ತು ಯೋಚಿಸಿಕೊಂಡು ಆಮೇಲೆ ತುಂಡು ಹುಡುಕಿದರೆ ಸಾಲುವುದಿಲ್ಲ, ಹೊಸ ಶೀಟ್ ತರಬೇಕಾಗುತ್ತದೆ. ಮೊದಲು ತುಂಡಿನ ಗುಣ ತಿಳಿದುಕೊಳ್ಳಿ. ಏನು ಮಾಡಬಹುದು ಅಂತ ತುಂಡೇ ಹೇಳುತ್ತದೆ.

ಗುಣ ತಿಳಿಯುವುದು ಕಷ್ಟವಲ್ಲ. ಕೆಲಸ ಇನ್ನೂ ನಡೆಯುತ್ತಿರುವಾಗಲೇ ಶೀಟಿನ ಮೇಲಿನ ಮುದ್ರೆ ನೋಡಿಕೊಳ್ಳಿ, ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಅದರಲ್ಲಿ ಐಎಸ್, ಅಂದರೆ ಇಂಡಿಯನ್ ಸ್ಟ್ಯಾಂಡರ್ಡ್ ನಂಬರು ಇರುತ್ತದೆ. ಐಎಸ್ 710 ಅಂತ ಇದ್ದರೆ ಮರೀನ್ ಪ್ಲೈ, 72 ಗಂಟೆ ಕುದಿಯುವ ನೀರಿನ ಪರೀಕ್ಷೆ ತಡೆಯಬೇಕಾದ ಜಾತಿ. ಐಎಸ್ 303 ಅಂತ ಇದ್ದರೆ ಅದರಲ್ಲೇ ಎರಡು ಬಗೆ. ಬಿಡಬ್ಲ್ಯುಆರ್ ಅಂದರೆ ನೀರಿಗೆ ಸುಮಾರಾಗಿ ತಡೆಯುತ್ತದೆ, ಎಂಆರ್ ಅಂದರೆ ಬರೀ ಹವೆಯ ತೇವ ತಡೆಯುವುದು, ನೀರು ಬಿದ್ದರೆ ಉಬ್ಬುತ್ತದೆ. ಮುದ್ರೆ ಇಲ್ಲದ ತುಂಡಾದರೆ ಎರಡಿಂಚಿನ ಚೂರೊಂದನ್ನು ಕತ್ತರಿಸಿ, ಅಡುಗೆಗೆ ಬಳಸದ ಹಳೆ ಡಬ್ಬಿಯಲ್ಲಿ ಹಾಕಿ, ಮನೆ ಹೊರಗೆ ಮೂರು ನಾಲ್ಕು ಗಂಟೆ ಕುದಿಸಿ ನೋಡಿ. ಎಂಆರ್ ಆಗಿದ್ದರೆ ಪದರಗಳು ಪುಸ್ತಕದ ಹಾಳೆಯ ಹಾಗೆ ಬಿಟ್ಟುಕೊಳ್ಳುತ್ತವೆ. ಅಂಥದ್ದನ್ನು ಸಿಂಕಿನ ಕೆಳಗೆ, ಬಚ್ಚಲಿನ ಹತ್ತಿರ ಎಲ್ಲೂ ಬಳಸಬೇಡಿ, ಬಟ್ಟೆ ಬೀರುವಿನ ಒಳಗೆ ಧಾರಾಳವಾಗಿ ಬಳಸಿ.

ಆಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ತೆಂಗಿನಕಾಯಿ ತಟ್ಟಿ ನೋಡುತ್ತೇವಲ್ಲ, ಹಾಗೇ. ಒಂದೇ ಸಮ ಗಟ್ಟಿ ಸದ್ದು ಬಂದರೆ ಸರಿ. ಎಲ್ಲಾದರೂ ಟೊಳ್ಳು ಸದ್ದು ಬಂದರೆ ಒಳಗಿನ ಪದರದಲ್ಲಿ ಖಾಲಿ ಜಾಗ ಇದೆ ಅಂತ ಅರ್ಥ, ಅಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಪ್ರತಿ ತುಂಡಿನ ಮೇಲೂ ಪೆನ್ಸಿಲಿನಲ್ಲಿ ದಪ್ಪ, ಜಾತಿ, ಮೇಲಿನ ನಾರು ಹೋಗುವ ದಿಕ್ಕಿಗೆ ಒಂದು ಬಾಣದ ಗುರುತು ಬರೆದಿಡಿ. ಆರು ತಿಂಗಳಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಆ ಬಾಣ ಯಾಕೆ ಬೇಕು ಅಂದರೆ, ಕಪಾಟಿನ ಅಡ್ಡ ಹಲಗೆಗೆ ನಾರು ಉದ್ದಕ್ಕೆ ಹೋಗುವ ಹಾಗೆ ಕತ್ತರಿಸಿದರೆ ಭಾರ ಜಾಸ್ತಿ ತಡೆಯುತ್ತದೆ, ನಾರು ಅಡ್ಡಕ್ಕೆ ಬಂದರೆ ಬೇಗ ಜೋತು ಬೀಳುತ್ತದೆ.

ಇಡುವ ಜಾಗದ ವಿಷಯದಲ್ಲಿ ಮಾತ್ರ ಸ್ವಲ್ಪ ಕಟ್ಟುನಿಟ್ಟು ಬೇಕು. ನಾವು ಒಂದು ಸಲ ಎಲ್ಲ ತುಂಡನ್ನೂ ಹಿತ್ತಿಲ ಕಡೆ ಗೋಡೆಗೆ ಒರಗಿಸಿ ನೆಲದ ಮೇಲೇ ನಿಲ್ಲಿಸಿದ್ದೆವು. ಮಳೆಗಾಲ ಮುಗಿದು ಎತ್ತಿ ನೋಡಿದರೆ ಕೆಳಗಿನ ಅಂಚಿನಲ್ಲಿ ಮಣ್ಣಿನ ಗೆರೆ, ಒಳಗೆಲ್ಲ ಗೆದ್ದಲು. ಅಷ್ಟಕ್ಕೇ ನಿಂತಿರಲಿಲ್ಲ, ಪಕ್ಕದ ಬಾಗಿಲ ಚೌಕಟ್ಟಿಗೂ ಹತ್ತಿತ್ತು. ಅದರ ರಿಪೇರಿಗೆ ಕೊಟ್ಟ ದುಡ್ಡಿನಲ್ಲಿ ಎರಡು ಹೊಸ ಶೀಟ್ ಬರುತ್ತಿತ್ತು. ಅದಕ್ಕೇ ಹೇಳುವುದು, ನೆಲಕ್ಕೆ ತಾಗಿಸಬೇಡಿ, ಗೋಡೆಗೆ ತಾಗಿಸಬೇಡಿ. ಎರಡು ಇಟ್ಟಿಗೆ ಇಟ್ಟು ಅದರ ಮೇಲೆ ಮಟ್ಟಸವಾಗಿ ಮಲಗಿಸಿ. ಒರಗಿಸಿಟ್ಟರೆ ತೆಳು ಪ್ಲೈ ಬಾಗಿ ಹೋಗುತ್ತದೆ, ಬಾಗಿದ್ದನ್ನು ನೇರ ಮಾಡುವುದು ಕಷ್ಟ. ಸಣ್ಣ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಹುಳ ಹೊಕ್ಕಿದೆ. ಆ ತುಂಡಿನ ಆಸೆ ಬಿಟ್ಟು ಅವತ್ತೇ ಮನೆಯಿಂದ ಆಚೆ ಹಾಕಿ. ಗೇಣು ಅಗಲಕ್ಕಿಂತ ಕಡಿಮೆ ಇರುವುದರಲ್ಲಿ ನೇರ ಪಟ್ಟಿಗಳನ್ನು ಮಾತ್ರ ಉಳಿಸಿಕೊಳ್ಳಿ. ಎಲ್ಲ ಇಟ್ಟುಕೊಂಡರೆ ಅಟ್ಟ ತುಂಬುತ್ತದೆ, ಕೆಲಸ ಆಗುವುದಿಲ್ಲ.

ಕತ್ತರಿಸುವಾಗ ಎಲ್ಲರಿಗೂ ಬರುವ ತೊಂದರೆ ಅಂದರೆ ಅಂಚಿನ ಚಕ್ಕೆ ಏಳುವುದು. ಗೆರೆ ಎಳೆದ ಕಡೆ ಚೂಪು ಚಾಕುವಿನಿಂದ ಎರಡು ಸಲ ಗೀರಿ, ಮೇಲೆ ಪೇಂಟಿನವರು ಬಳಸುವ ಮಾಸ್ಕಿಂಗ್ ಟೇಪ್ ಅಂಟಿಸಿ ಕತ್ತರಿಸಿದರೆ ಮುಕ್ಕಾಲು ಪಾಲು ಚಕ್ಕೆ ಕಡಿಮೆ. ಕೈ ಗರಗಸದಲ್ಲಿ ಚೆಂದದ ಮುಖ ಮೇಲೆ ಇರಲಿ. ಜಿಗ್ ಸಾ (ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುವ ಕರೆಂಟಿನ ಗರಗಸ), ಕೈಯಲ್ಲಿ ಹಿಡಿಯುವ ಕಟರ್ ಆದರೆ ಹಲ್ಲು ಕೆಳಗಿನಿಂದ ಮೇಲಕ್ಕೆ ಕಡಿಯುತ್ತದೆ, ಆಗ ಚೆಂದದ ಮುಖ ಕೆಳಗೆ. ಗರಗಸವೂ ಸ್ವಲ್ಪ ಮರ ತಿನ್ನುತ್ತದೆ, ಮೆಷಿನ್ನಿನ ಬ್ಲೇಡ್ ಹೆಚ್ಚುಕಡಿಮೆ 3 ಎಂಎಂ ತಿನ್ನುತ್ತದೆ, ಅದನ್ನು ಅಳತೆಯಲ್ಲಿ ಮರೆಯಬೇಡಿ. ಮತ್ತೆ ಒಂದು ಮಾತು, ತುಂಬ ಸಣ್ಣ ತುಂಡನ್ನು ಕೈಯಲ್ಲಿ ಹಿಡಿದು ಮೆಷಿನ್ನಿಗೆ ಕೊಡಲೇಬೇಡಿ. ಸಣ್ಣದನ್ನು ಮೇಜಿಗೆ ಕ್ಲ್ಯಾಂಪ್ ಹಾಕಿ ಬಿಗಿದು, ಕೈ ಗರಗಸದಲ್ಲೇ ನಿಧಾನಕ್ಕೆ ಕೊಯ್ಯಿರಿ. ಮೂಗಿಗೆ ಮಾಸ್ಕ್ ಇರಲಿ, ಆ ಪುಡಿಯಲ್ಲಿ ಅಂಟೂ ಇದೆ.

ಸ್ಕ್ರೂ ಹಾಕುವಾಗ ಪ್ಲೈಯ ಅಂಚಿಗೆ ನೇರವಾಗಿ ತಿರುಗಿಸಿದರೆ ಪದರ ಸೀಳುತ್ತದೆ. ಮೊದಲು ಸ್ಕ್ರೂವಿಗಿಂತ ಸಣ್ಣ ಬಿಟ್‌ನಲ್ಲಿ ತೂತು ಕೊರೆಯಿರಿ, ಫೆವಿಕಾಲ್ ಹಚ್ಚಿ, ಆಮೇಲೆ ಸ್ಕ್ರೂ. ಅಂಟಿನ ಬಲ ದೊಡ್ಡದು. ಸ್ಕ್ರೂ ಅದು ಒಣಗುವ ತನಕ ಬಿಗಿಯಾಗಿ ಹಿಡಿದಿರಲಿ ಅಂತ ಅಷ್ಟೇ. ಒಂದು ರಾತ್ರಿ ಮುಟ್ಟದೆ ಬಿಡಿ. ಮಂಗಳೂರು, ಕಾರವಾರದ ಕಡೆಯವರು ಕಬ್ಬಿಣದ ಸ್ಕ್ರೂ ಬಿಟ್ಟು ಸ್ಟೇನ್‌ಲೆಸ್ ಸ್ಟೀಲಿನದ್ದು ಹಾಕಿ, ಉಪ್ಪು ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.

ಈಗ ಏನು ಮಾಡಬಹುದು ಅನ್ನೋದಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ತುಂಡು ಪ್ಲೈಯಿಂದ ಆದ ಕೆಲಸದಲ್ಲಿ ನನಗೆ ತುಂಬ ಇಷ್ಟವಾದದ್ದು ದಸರಾ ಗೊಂಬೆ ಕೂರಿಸುವ ಮೆಟ್ಟಿಲು. ಮುಂಚೆ ಟ್ರಂಕು, ಸ್ಟೂಲು, ಪುಸ್ತಕ ಜೋಡಿಸಿ ಮೇಲೆ ಪಂಚೆ ಹಾಸುತ್ತಿದ್ದೆವು. ಪಟ್ಟದ ಗೊಂಬೆ ಇಟ್ಟ ಮೇಲೆ ಎಲ್ಲಿ ಅಲ್ಲಾಡುತ್ತದೋ ಅಂತ ಒಂಬತ್ತು ದಿನವೂ ಭಯ. ಈಗ ಅದೇ ಮೆಟ್ಟಿಲನ್ನು ಪೆಟ್ಟಿಗೆಗಳಲ್ಲಿ ಕಟ್ಟುತ್ತೇವೆ. ಪ್ರತಿ ಪೆಟ್ಟಿಗೆ 300 ಎಂಎಂ ಅಗಲ, 250 ಎಂಎಂ ಆಳ, 200 ಎಂಎಂ ಎತ್ತರ. ಐದು ಕಡೆ ಮುಚ್ಚಿದೆ, ಒಂದು ಕಡೆ ತೆರೆದಿದೆ. ಮುಂದಿನ ಸಾಲಿಗೆ ಒಂದೊಂದು, ಅದರ ಹಿಂದೆ ಎರಡೆರಡು ಒಂದರ ಮೇಲೊಂದು, ಅದರ ಹಿಂದೆ ಮೂರು ಮೂರು. ಮೂರು ಮೆಟ್ಟಿಲು, ಎರಡಡಿ ಅಗಲ ಬೇಕಾದರೆ ಒಟ್ಟು ಹನ್ನೆರಡು ಪೆಟ್ಟಿಗೆ. ತೆರೆದ ಬಾಯಿ ಗೋಡೆ ಕಡೆ ಇರುತ್ತದೆ, ಮೇಲೆ ಬಿಳಿ ಬಟ್ಟೆ ಹಾಸಿದರೆ ಏನೂ ಕಾಣುವುದಿಲ್ಲ. ಹಬ್ಬ ಮುಗಿದ ಮೇಲೆ ಬಾಯಿ ಮೇಲೆ ಮಾಡಿ, ಗೊಂಬೆಗಳನ್ನು ಹಳೆ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ ಅದೇ ಪೆಟ್ಟಿಗೆಯೊಳಗೆ ಇಟ್ಟು ಅಟ್ಟಕ್ಕೇರಿಸುತ್ತೇವೆ. ಮೆಟ್ಟಿಲಿಗೂ ಗೊಂಬೆಗೂ ಬೇರೆ ಬೇರೆ ಜಾಗ ಬೇಕಿಲ್ಲ.

ಇದನ್ನು ತುಂಡಿನಿಂದ ಮಾಡಲು ಆಗುವುದು ಅಳತೆಯ ಒಂದು ಸಣ್ಣ ಲೆಕ್ಕದಿಂದ. ಎಲ್ಲ ತುಂಡೂ ಒಂದೇ ದಪ್ಪ ಸಿಗುವುದಿಲ್ಲ ಅಲ್ವಾ? ಆದರೆ ಹೊರಗಿನ ಎತ್ತರ ಎಲ್ಲಕ್ಕೂ 200 ಇರಲೇಬೇಕು, ಇಲ್ಲದಿದ್ದರೆ ಮೆಟ್ಟಿಲು ಏರುಪೇರು. ಮೇಲಿನ ಹಲಗೆ, ಕೆಳಗಿನ ಹಲಗೆ ಎರಡೂ ಪೂರ್ತಿ 300ಕ್ಕೆ 250. ಅಕ್ಕಪಕ್ಕದ ಹಲಗೆ ಅವೆರಡರ ನಡುವೆ ಕೂರುತ್ತದೆ. 12 ಎಂಎಂ ಪ್ಲೈ ಆದರೆ ಪಕ್ಕದ ಹಲಗೆಯ ಎತ್ತರ 176, 18 ಎಂಎಂ ಆದರೆ 164. ದಪ್ಪವನ್ನು ಮುದ್ರೆ ನೋಡಿ ನಂಬಬೇಡಿ, ತುಂಡನ್ನೇ ಅಳೆಯಿರಿ, ಅರ್ಧ ಮುಕ್ಕಾಲು ಎಂಎಂ ವ್ಯತ್ಯಾಸ ಇರುವುದುಂಟು. ಒಂದೊಂದು ಪೆಟ್ಟಿಗೆಗೆ ಒಂದೇ ದಪ್ಪದ ತುಂಡು ಆರಿಸಿಕೊಂಡರೆ ಸಾಕು. ಮುಂದಿನ ಮುಚ್ಚಿಗೆಗೆ ಬೀರುವಿನ ಹಿಂಬದಿಗೆ ಹೊಡೆದು ಉಳಿದ 6 ಎಂಎಂ ಪ್ಲೈ. ಅದನ್ನು ಹೊಡೆಯುವ ಮೊದಲು ಮೂಲೆಮಟ್ಟ ಇಟ್ಟು ನೋಡಿ, ಆ ತೆಳು ಹಲಗೆಯೇ ಪೆಟ್ಟಿಗೆ ಓರೆಯಾಗದ ಹಾಗೆ ಹಿಡಿದಿಡುವುದು. ನಾವು ಮೊದಲ ವರ್ಷ ಆರು ಮಾಡಿದೆವು, ಎರಡು ಮೆಟ್ಟಿಲಾಯಿತು. ಮಗಳ ಮನೆಯ ಕೆಲಸ ಮುಗಿದಾಗ ಅಲ್ಲಿಂದ ತಂದ ತುಂಡಿನಲ್ಲಿ ಉಳಿದ ಆರು. ಲೆಕ್ಕ ಹಾಕಿದರೆ ಹನ್ನೆರಡಕ್ಕೂ ಸೇರಿ, ಮುಂದಿನ ತೆಳು ಹಲಗೆ ಬಿಟ್ಟೇ, ಹೆಚ್ಚುಕಡಿಮೆ ಒಂದು ಪೂರ್ತಿ ಶೀಟಿನಷ್ಟು ಪ್ಲೈ ಹಿಡಿದಿದೆ. ಒಲೆಗೆ ಹಾಕಿ ಅಂದದ್ದು ಇದನ್ನೇ.

ಕತ್ತರಿಸಿದ ಅಂಚನ್ನು ಹಾಗೇ ಬಿಡಬೇಡಿ. ಪ್ಲೈಗೆ ನೀರು ಹೋಗುವುದೂ ಅಲ್ಲಿಂದಲೇ, ಕೈಗೆ ಸಿಬಿರು ಚುಚ್ಚುವುದೂ ಅಲ್ಲಿಂದಲೇ. ಮೊದಲು 80 ನಂಬರಿನ ಉಜ್ಜು ಕಾಗದ, ಆಮೇಲೆ 120, ಕೊನೆಗೆ 220. ಕಾಗದವನ್ನು ಬರಿಗೈಯಲ್ಲಿ ಹಿಡಿಯದೆ ಒಂದು ಪ್ಲೈ ಚೂರಿಗೆ ಸುತ್ತಿಕೊಂಡು ಉಜ್ಜಿದರೆ ಅಂಚು ಸಮನಾಗಿ ಬರುತ್ತದೆ. ಉಜ್ಜಿದಾಗ ಬಿದ್ದ ನಯವಾದ ಪುಡಿಯನ್ನೇ ಫೆವಿಕಾಲಿನಲ್ಲಿ ಕಲಸಿ, ಚಪಾತಿ ಹಿಟ್ಟಿನ ಹದಕ್ಕಿಂತ ಸ್ವಲ್ಪ ಮೆತ್ತಗೆ ಮಾಡಿ, ಪದರದ ನಡುವಿನ ಸಂದಿಗೆ ಒತ್ತಿ ತುಂಬಿ. ಒಣಗಿದ ಮೇಲೆ ಮತ್ತೆ ಉಜ್ಜಿ ಪೇಂಟ್ ಹೊಡೆಯಿರಿ. ಪಾಲಿಶ್ ಮಾಡುವುದಾದರೆ ಇದು ಬೇಡ, ತುಂಬಿದ ಜಾಗ ಪಾಲಿಶ್ ಹೀರದೆ ಕಲೆ ಹಾಗೆ ಕಾಣುತ್ತದೆ. ಅದಕ್ಕೆ ತೆಳುವಾದ ತೇಗದ ಬೀಡಿಂಗ್ ಪಟ್ಟಿ ಅಂಟಿಸುವುದೇ ಚೆಂದ.

ಉದ್ದದ ಮೂರಿಂಚಿನ ಪಟ್ಟಿಗಳನ್ನು ಎಸೆಯಬೇಡಿ ಅಂದೆನಲ್ಲ. ಪುಸ್ತಕದ ಭಾರಕ್ಕೆ ಜೋತು ಬಿದ್ದ ಹಲಗೆ ಇದ್ದರೆ, ಪುಸ್ತಕ ಇಳಿಸಿ, ಹಲಗೆಯ ಮುಂದಿನ ಅಂಚಿನ ಕೆಳಗೆ ಆ ಪಟ್ಟಿಯನ್ನು ಅಡ್ಡಡ್ಡ ಮಲಗಿಸದೆ ನಿಲ್ಲಿಸಿ ಅಂಟು ಸ್ಕ್ರೂ ಹಾಕಿ ಕೂರಿಸಿ. 18 ಎಂಎಂ ಹಲಗೆಯೇ ಆದರೂ ಮೂರಡಿ ದಾಟಿದರೆ ಈ ಪಟ್ಟಿ ಬೇಕು ಅಂತ ಇಟ್ಟುಕೊಳ್ಳಿ. ಸಣ್ಣ ಚೂರುಗಳು ಕ್ಲ್ಯಾಂಪ್ ಬಿಗಿಯುವಾಗ ಮರಕ್ಕೆ ಗುರುತು ಬೀಳದಂತೆ ನಡುವೆ ಇಡಲು, ತೂತು ಕೊರೆಯುವಾಗ ಕೆಳಗೆ ಕೊಡಲು ಬರುತ್ತವೆ. ಒಂದು ಎಚ್ಚರಿಕೆ, ತರಕಾರಿ ಹೆಚ್ಚುವ ಹಲಗೆ, ಚಪಾತಿ ಮಣೆ, ಅನ್ನ ಬಸಿಯುವಾಗ ಮುಚ್ಚುವ ಹಲಗೆ ಇವನ್ನೆಲ್ಲ ಪ್ಲೈಯಲ್ಲಿ ಮಾಡಬೇಡಿ. ಊಟದ ಪದಾರ್ಥ ನೇರವಾಗಿ ತಾಗುವ ಕಡೆ ಗಟ್ಟಿ ಮರವೇ ಇರಲಿ.

ಹನ್ನೆರಡಿಂಚಿನ ಚೌಕದ ತುಂಡು ಸಿಕ್ಕರೆ ಚೌಕಾಬಾರದ ಹಲಗೆ ಮಾಡಿ. ಸುತ್ತ ಒಂದಿಂಚು ಅಂಚು ಬಿಟ್ಟರೆ ಒಳಗೆ ಹತ್ತಿಂಚು ಉಳಿಯುತ್ತದೆ, ಎರಡೆರಡು ಇಂಚಿನ ಐದು ಸಾಲು, ಇಪ್ಪತ್ತೈದು ಮನೆ ಸರಿಯಾಗಿ ಕೂರುತ್ತವೆ. ನಾಲ್ಕು ಬದಿಯ ನಡುವಿನ ಮನೆಗೂ ಕಾಯಿ ಹಣ್ಣಾಗುವ ನಡುಮನೆಗೂ ಕತ್ತರಿ ಗುರುತು ಹಾಕಿ. ಗೆರೆಯನ್ನು ಮೊದಲು ಚಾಕುವಿನಲ್ಲಿ ಗೀರಿಕೊಂಡು ಆಮೇಲೆ ಸಣ್ಣ ಕುಂಚದಲ್ಲಿ ಬಣ್ಣ ಹಚ್ಚಿದರೆ ಬಣ್ಣ ನಾರಿನುದ್ದಕ್ಕೆ ಹರಡುವುದಿಲ್ಲ. ಒಣಗಿದ ಮೇಲೆ ಎರಡು ಕೈ ವಾರ್ನಿಶ್. ನೆಲದ ಮೇಲೆ ಬಳಪದಲ್ಲಿ ಬರೆದು ಆಡುತ್ತಿದ್ದ ಆಟ, ಈಗ ಮೊಮ್ಮಕ್ಕಳು ಬೇಸಿಗೆ ರಜೆಯಲ್ಲಿ ಈ ಹಲಗೆ ಇಟ್ಟುಕೊಂಡು ಊಟಕ್ಕೆ ಕರೆದರೂ ಏಳುವುದಿಲ್ಲ. ಕೆಳಗೆ ನಾಲ್ಕು ಮೂಲೆಗೂ ಹಳೆ ಹವಾಯಿ ಚಪ್ಪಲಿಯ ರಬ್ಬರನ್ನು ಬಿಲ್ಲೆಯಷ್ಟು ಕತ್ತರಿಸಿ ಅಂಟಿಸಿ, ಕವಡೆ ಎಸೆದಾಗ ಹಲಗೆ ಜಾರುವುದಿಲ್ಲ.